ಕೀಲೆಣ್ಣೆಯ ಲೆಕ್ಕ



ಈ ಅಂಕಣಕ್ಕೆ ಗೃಹಸ್ಥರಿಂದ ಬರುವ ಪ್ರಶ್ನೆಗಳು ಬಹುವಿಧವಾದವು. ಮಕ್ಕಳ ವಿದ್ಯಾಭ್ಯಾಸ, ಮದುವೆಯ ಖರ್ಚು, ಅಣ್ಣತಮ್ಮಂದಿರ ಆಸ್ತಿಯ ಪಾಲು, ವೃದ್ಧರ ಆರೈಕೆ ಇವುಗಳನ್ನು ಕುರಿತು ನಮಗೆ ತಿಳಿದಷ್ಟನ್ನು ಬರೆಯುತ್ತ ಬಂದಿದ್ದೇವೆ. ಈ ತಿಂಗಳ ಪ್ರಶ್ನೆ ಪತ್ರದಲ್ಲಿ ಬಂದುದಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಕೋಣಂದೂರಿನ ಸಮೀಪದ ಒಂದು ಮನೆಯ ಅಂಗಳದಲ್ಲಿ ಅಡಿಕೆ ಸುಲಿಯುತ್ತ ಕುಳಿತಿದ್ದ ತಾಯಿಯೊಬ್ಬರು ತಲೆಯೆತ್ತದೆಯೇ ನಮ್ಮನ್ನು ಕೇಳಿದರು: "ಅಯ್ನೋರೇ, ಈ ಪಿಕಪ್ ಗಾಡಿಗೆ ಇಂಜಿನ್ ಆಯಿಲ್ ಎಷ್ಟು ದಿನಕ್ಕೊಂದ್ಸಲ ಬದಲಾಯಿಸ್ಬೇಕು? ಓದಿದೋರು ನೀವು, ಒಂದು ಮಾತು ಹೇಳಿ."

ಮಠದಲ್ಲಿದ್ದು ವ್ಯಾಕರಣ, ತರ್ಕಗಳನ್ನು ಓದಿಕೊಂಡವರಿಗೆ ಇಂತಹ ಪ್ರಶ್ನೆಯೇ ಎಂದು ಓದುಗರಿಗೆ ನಗೆ ಬರಬಹುದು. ನಮಗೆ ಬರಲಿಲ್ಲ. ಆ ಪ್ರಶ್ನೆಯ ಹಿಂದೆ ನಮ್ಮದೇ ಒಂದು ತಪ್ಪು ಅಡಗಿತ್ತು. ಅದನ್ನು ಮೊದಲು ಒಪ್ಪಿಕೊಂಡು ಅನಂತರ ಉತ್ತರಕ್ಕೆ ಬರುವುದು ಯುಕ್ತವೆಂದು ಭಾವಿಸುತ್ತೇವೆ.

2022ರ ಬಸವ ಜಯಂತಿಯ ದಿನ ಆ ಮನೆಗೆ ಹೊಸ ಪಿಕಪ್ ವಾಹನ ಬಂದಿತು. ಸ್ವಲ್ಪ ಅಡಿಕೆ ತೋಟ, ಸ್ವಲ್ಪ ಗದ್ದೆ ಇರುವ ಮಧ್ಯಮ ಕುಟುಂಬವದು. ಪದವಿ ಮುಗಿಸಿ ಊರಿನಲ್ಲಿಯೇ ಉಳಿದ ಮಗನಿಗೊಂದು ಉದ್ಯೋಗವಾಗಲೆಂದು ಸಾಲ ಮಾಡಿ ಕೊಂಡ ವಾಹನ. ಪೂಜೆಗೆ ನಮ್ಮನ್ನು ಕರೆದಿದ್ದರು. ಪ್ರಸಾದವಾದ ಮೇಲೆ ತಂದೆ ಮಗನಿಗೆ, "ಐದು ಸಾವಿರ ಕಿಲೋಮೀಟರಿಗೊಮ್ಮೆ ಆಯಿಲ್ ಬದಲಾಯಿಸು, ಮರೀಬೇಡ" ಎಂದರು. ಅವರು ಯೌವನದಲ್ಲಿ ಮೆಟಡಾರ್ ಓಡಿಸಿದವರು. ಮಗ ನಕ್ಕು, "ಅಪ್ಪಯ್ಯ, ಅದು ನಿಮ್ಮ ಕಾಲದ ಲೆಕ್ಕ. ಈ ಗಾಡಿ ಪುಸ್ತಕದಲ್ಲಿ ಹತ್ತು ಸಾವಿರ ಅಂತ ಬರ್ದಿದೆ" ಎಂದ. ಇಬ್ಬರೂ ನಮ್ಮ ಮುಖ ನೋಡಿದರು. ನಾವು ಆ ಪುಸ್ತಕವನ್ನು ಕೈಗೆತ್ತಿಕೊಳ್ಳದೆ, ಪುಟ ತೆರೆಯದೆ, "ಯಂತ್ರವನ್ನು ನಿರ್ಮಿಸಿದವರ ಮಾತೇ ಪ್ರಮಾಣ, ಮಗ ಹೇಳುವುದು ಸರಿ" ಎಂದು ತೀರ್ಪು ಕೊಟ್ಟೆವು. ತಂದೆ ಮರುಮಾತಾಡಲಿಲ್ಲ.

2024ರ ಡಿಸೆಂಬರಿನಲ್ಲಿ, ಅಡಿಕೆ ಕೊಯ್ಲು ಭರದಲ್ಲಿ ನಡೆಯುತ್ತಿದ್ದಾಗ, ಆ ವಾಹನವು ಹುಲಿಕಲ್ ಘಾಟಿಯನ್ನು ಹತ್ತುತ್ತ ನೀಲಿ ಹೊಗೆಯುಗುಳಿ, ಸಿಳ್ಳೆಯಂತಹ ಶಬ್ದ ಮಾಡಿ, ಎಳೆಯುವ ಬಲವನ್ನೇ ಕಳೆದುಕೊಂಡಿತು. ಅದರ ಟರ್ಬೊ ಕೆಟ್ಟಿತ್ತು. ದುರಸ್ತಿಗೆ ನಲವತ್ತೆರಡು ಸಾವಿರ ರೂಪಾಯಿ ಆಯಿತು. ಕೊಯ್ಲಿನ ಕಾಲದ ಮೂರು ವಾರದ ಬಾಡಿಗೆ ಕೈತಪ್ಪಿತು. ಸಾಲದ ಕಂತು ನಿಲ್ಲಬಾರದೆಂದು ತಾಯಿ ತಮ್ಮ ಬಳೆಗಳನ್ನು ಸೊಸೈಟಿಯಲ್ಲಿ ಅಡವಿಟ್ಟರು. ಇವೆಲ್ಲಕ್ಕಿಂತ ಹೆಚ್ಚಿನ ನಷ್ಟವೆಂದರೆ ತಂದೆ ಮಗ ಪರಸ್ಪರ ಮಾತು ಬಿಟ್ಟರು. ನಾವು ಸಂಕ್ರಾಂತಿಯ ಮರುದಿನ ಅಲ್ಲಿಗೆ ಹೋದಾಗ ಒಬ್ಬರು ತೋಟದಲ್ಲಿದ್ದರೆ ಇನ್ನೊಬ್ಬರು ಜಗಲಿಯಲ್ಲಿದ್ದರು. ತಾಯಿಯ ಪ್ರಶ್ನೆ ಹುಟ್ಟಿದ್ದು ಆ ಮೌನದಿಂದ. ಅವರಿಗೆ ಬೇಕಾಗಿದ್ದುದು ಎಣ್ಣೆಯ ಲೆಕ್ಕವಷ್ಟೇ ಅಲ್ಲ, ಮನೆಯಲ್ಲಿ ತಪ್ಪಿದವರು ಯಾರು ಎಂಬ ನಿರ್ಣಯ.

ಈ ಸಲ ನಾವು ಅವಸರಪಡಲಿಲ್ಲ. ವಾಹನದ ಪುಸ್ತಕವನ್ನು ಕೇಳಿ ಪಡೆದು ಮೊದಲಿನಿಂದ ಕೊನೆಯವರೆಗೆ ಓದಿದೆವು. ದುರಸ್ತಿ ಮಾಡಿದ ಮೆಕ್ಯಾನಿಕ್ ಸಜ್ಜನರ ಬಳಿ ಅರ್ಧ ದಿನ ಕುಳಿತು ಕೇಳಿದೆವು. ನಾವು ಯಂತ್ರವಿದ್ಯೆಯನ್ನು ಬಲ್ಲವರಲ್ಲ. ತಿಳಿದವರಿಂದ ತಿಳಿದುದನ್ನು ಗೃಹಸ್ಥರಿಗೆ ಅರ್ಥವಾಗುವಂತೆ ಹೇಳುವುದಷ್ಟೇ ನಮ್ಮ ಕೆಲಸ.

ಮೊದಲು ತಂದೆಯ ಲೆಕ್ಕವನ್ನು ವಿಚಾರಿಸೋಣ. ಅವರ ಐದು ಸಾವಿರ ಮೂಢನಂಬಿಕೆಯಾಗಿರಲಿಲ್ಲ. ಡೀಸೆಲ್ ಎಣ್ಣೆಯಲ್ಲಿ ಸ್ವಾಭಾವಿಕವಾಗಿ ಗಂಧಕದ ಅಂಶವಿರುತ್ತದೆ. ಅದು ಉರಿದಾಗ ಹುಟ್ಟುವ ಅನಿಲವು ಇಂಜಿನ್ನಿನೊಳಗಿನ ತೇವದೊಡನೆ ಸೇರಿ ಆಮ್ಲವಾಗುತ್ತದೆ. ಆಮ್ಲವು ಲೋಹವನ್ನು ತಿನ್ನದಂತೆ ತಡೆಯಲು ಇಂಜಿನ್ ಆಯಿಲಿನಲ್ಲಿ ಕ್ಷಾರಗುಣದ ದ್ರವ್ಯಗಳನ್ನು ಬೆರೆಸಿರುತ್ತಾರೆ. ಆ ಕ್ಷಾರವು ಖರ್ಚಾಗಿ ಹೋದ ಮೇಲೆ ಆಯಿಲ್ ಇದ್ದರೂ ಇಲ್ಲದಂತೆಯೇ. 1990ರ ದಶಕದ ಆರಂಭದಲ್ಲಿ ನಮ್ಮ ದೇಶದ ಡೀಸೆಲ್‌ನಲ್ಲಿ ಗಂಧಕವು ಶೇಕಡಾ ಒಂದರವರೆಗೆ, ಅಂದರೆ ಹತ್ತು ಲಕ್ಷ ಭಾಗಗಳಲ್ಲಿ ಹತ್ತು ಸಾವಿರ ಭಾಗಗಳವರೆಗೆ ಇರಬಹುದಾಗಿತ್ತು. 2017ರ ಏಪ್ರಿಲಿನಲ್ಲಿ ಬಿ.ಎಸ್.-4 ನಿಯಮವು ದೇಶಕ್ಕೆಲ್ಲ ಬಂದಾಗ ಆ ಮಿತಿ ಐವತ್ತು ಭಾಗಕ್ಕೂ, 2020ರ ಏಪ್ರಿಲಿನಲ್ಲಿ ಬಿ.ಎಸ್.-6 ಬಂದಾಗ ಹತ್ತು ಭಾಗಕ್ಕೂ ಇಳಿಯಿತು. ಒಂದು ತಲೆಮಾರಿನ ಅವಧಿಯಲ್ಲಿ ಗಂಧಕವು ಸಾವಿರದಲ್ಲೊಂದು ಪಾಲಾಯಿತು. ಜೊತೆಗೆ ಆಯಿಲಿನ ಗುಣವೂ ಉತ್ತಮವಾಯಿತು. ಆದುದರಿಂದಲೇ ಅಂದು ಐದು ಸಾವಿರ ಕಿಲೋಮೀಟರಿಗೆ ಬದಲಾಯಿಸಬೇಕಾಗಿದ್ದ ಆಯಿಲನ್ನು ಇಂದು ತಯಾರಕರು ಹತ್ತು ಸಾವಿರ, ಕೆಲವೆಡೆ ಇಪ್ಪತ್ತು ಸಾವಿರದವರೆಗೂ ಓಡಿಸಬಹುದೆಂದು ಹೇಳಲು ಸಾಧ್ಯವಾಗಿದೆ. ತಂದೆಯ ಮಾತು ಅವರ ಕಾಲಕ್ಕೆ ಸತ್ಯ. ಕಾಲ ಬದಲಾದ ಕಾರಣವನ್ನು ಅವರಿಗೆ ಯಾರೂ ತಿಳಿಸಿರಲಿಲ್ಲ.

ಇನ್ನು ಮಗನ ಲೆಕ್ಕ. ಅದನ್ನು ತಿಳಿಯಲು ಟರ್ಬೊ ಎಂದರೇನೆಂಬುದನ್ನು ಅರಿಯಬೇಕು. ಕೋಣಂದೂರಿನ ಸಂತೆಯ ದಿನ ರಸ್ತೆಯ ಬದಿಯಲ್ಲಿ ನಿಂತರೆ ಕಾಣುವ ಬೊಲೆರೊ ಪಿಕಪ್, ಯೋಧ, ದೋಸ್ತ್ ಮೊದಲಾದ ಡೀಸೆಲ್ ವಾಹನಗಳೆಲ್ಲ ಇಂದು ಟರ್ಬೊ ಉಳ್ಳವುಗಳೇ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ ಎಂಬ ಇಂಜಿನಿಯರು 1905ರಲ್ಲಿ ಈ ಉಪಾಯಕ್ಕೆ ಪೇಟೆಂಟ್ ಪಡೆದರು. ಇಂಜಿನ್ ಹೊರಗೆ ಬಿಡುವ ಹೊಗೆಯಲ್ಲಿ ರಭಸವೂ ಶಾಖವೂ ಇರುತ್ತವೆ. ಅದು ವ್ಯರ್ಥವಾಗಿ ಹೋಗುವ ಬದಲು ಒಂದು ಸಣ್ಣ ಚಕ್ರವನ್ನು ತಿರುಗಿಸಲಿ, ಅದೇ ದಂಡದ ಇನ್ನೊಂದು ತುದಿಯಲ್ಲಿರುವ ಚಕ್ರವು ಹೊರಗಿನ ಗಾಳಿಯನ್ನು ಒತ್ತಿ ಇಂಜಿನ್ನಿಗೆ ತುಂಬಲಿ ಎಂಬುದೇ ಅದರ ತತ್ತ್ವ. ಹೆಚ್ಚು ಗಾಳಿ ಬಂದರೆ ಹೆಚ್ಚು ಇಂಧನವು ಪೂರ್ಣವಾಗಿ ಉರಿಯುತ್ತದೆ, ಸಣ್ಣ ಇಂಜಿನ್ನು ದೊಡ್ಡ ಹೊರೆಯನ್ನು ಎಳೆಯುತ್ತದೆ.

ಆದರೆ ಆ ಪುಟ್ಟ ದಂಡದ ಪಾಡನ್ನು ನೋಡಿ. ಇಂಜಿನ್ನು ನಿಮಿಷಕ್ಕೆ ಎರಡು ಮೂರು ಸಾವಿರ ಸುತ್ತು ತಿರುಗುವಾಗ ಟರ್ಬೊ ಒಂದು ಲಕ್ಷ ಸುತ್ತನ್ನೂ ಮೀರುತ್ತದೆ. ಒಂದು ಬದಿಯಲ್ಲಿ ಕೆಂಡದಂತಹ ಹೊಗೆ, ಇನ್ನೊಂದು ಬದಿಯಲ್ಲಿ ತಂಪು ಗಾಳಿ. ಈ ನಡುವೆ ಆ ದಂಡವು ಲೋಹಕ್ಕೆ ಲೋಹ ತಾಗದಂತೆ, ಕೂದಲೆಳೆಗಿಂತ ತೆಳುವಾದ ಎಣ್ಣೆಯ ಪದರದ ಮೇಲೆ ತೇಲುತ್ತ ತಿರುಗಬೇಕು. ಅದಕ್ಕೆಂದು ಬೇರೆ ಎಣ್ಣೆಯಿಲ್ಲ. ಇಂಜಿನ್ನಿನ ಹೊಟ್ಟೆಯಲ್ಲಿರುವ ಐದಾರು ಲೀಟರು ಆಯಿಲೇ ಸಣ್ಣ ಕೊಳವೆಯೊಂದರ ಮೂಲಕ ಅಲ್ಲಿಗೂ ಹೋಗಿ ಬರಬೇಕು. ಹಳೆಯ ಮೆಟಡಾರಿನ ಆಯಿಲು ಈ ಅಗ್ನಿಪರೀಕ್ಷೆಯನ್ನು ಕಂಡಿರಲಿಲ್ಲ. ಕೆಟ್ಟ ಆಯಿಲಿನೊಡನೆ ಮೆಟಡಾರ್ ಸೊರಗುತ್ತ ಹೇಗೋ ಓಡೀತು. ಟರ್ಬೊ ವಾಹನದಲ್ಲಿ ಮೊದಲ ಪೆಟ್ಟು ಆ ತೆಳು ಪದರಕ್ಕೇ ಬೀಳುತ್ತದೆ.

ಮೆಕ್ಯಾನಿಕರು ಬಿಚ್ಚಿದ ಹಳೆಯ ಭಾಗಗಳನ್ನು ನಮಗೆ ತೋರಿಸಿದರು. ಟರ್ಬೊಗೆ ಎಣ್ಣೆ ಹೋಗುವ ಕೊಳವೆಯ ಒಳಗೆ, ಹಂಚಿಗೆ ಹತ್ತಿದ ಸೀಕಲಿನಂತೆ, ಎಣ್ಣೆ ಸುಟ್ಟು ಗಟ್ಟಿಯಾದ ಕರಿ ಕೂತಿತ್ತು. "ಕೊನೆಗೆ ಆಯಿಲ್ ಬದಲಾಯಿಸಿದ್ದು ಯಾವಾಗ?" ಎಂದು ನಾವು ಮಗನನ್ನು ಕೇಳಿದೆವು. 2023ರ ಮಾರ್ಚಿನಲ್ಲಿ ಎಂದ. ಅಲ್ಲಿಂದ ಕೆಟ್ಟು ನಿಲ್ಲುವವರೆಗೆ ವಾಹನ ಓಡಿದ್ದು ಒಂಬತ್ತು ಸಾವಿರದ ಇನ್ನೂರು ಕಿಲೋಮೀಟರು. "ಹತ್ತು ಸಾವಿರ ಆಗಿರ್ಲೇ ಇಲ್ಲ ಅಯ್ನೋರೇ, ಪುಸ್ತಕದ ಮಾತು ನಾನು ಮೀರಿಲ್ಲ" ಎಂದು ಕಣ್ಣು ತುಂಬಿಕೊಂಡ. ಅವನ ಮಾತಿನಲ್ಲಿ ಕಪಟವಿರಲಿಲ್ಲ.

ನಾವು ಪುಸ್ತಕದ ಪುಟ ತೆರೆದು ಅವನ ಮುಂದಿಟ್ಟೆವು. ಅಲ್ಲಿ ಬರೆದಿದ್ದುದು ಹತ್ತು ಸಾವಿರ ಕಿಲೋಮೀಟರ್ ಎಂದು ಮಾತ್ರವಲ್ಲ, ಹತ್ತು ಸಾವಿರ ಕಿಲೋಮೀಟರ್ ಅಥವಾ ಹನ್ನೆರಡು ತಿಂಗಳು, ಇವೆರಡರಲ್ಲಿ ಯಾವುದು ಮೊದಲೋ ಅದು ಎಂದು. ಕಿಲೋಮೀಟರು ತುಂಬಿರಲಿಲ್ಲ, ನಿಜ. ತಿಂಗಳು ಇಪ್ಪತ್ತೊಂದಾಗಿದ್ದವು. ಅದೇ ಪುಟದ ಕೆಳಗೆ ಸಣ್ಣ ಅಕ್ಷರಗಳಲ್ಲಿ ಇನ್ನೊಂದು ಮಾತಿತ್ತು. ಬೆಟ್ಟದ ದಾರಿ, ಪೂರ್ಣ ಹೊರೆ, ಧೂಳು, ಅಲ್ಪ ದೂರದ ಸಂಚಾರ, ನಿಂತಲ್ಲಿ ಬಹುಕಾಲ ಇಂಜಿನ್ ಓಡುವುದು ಇಂತಹ ಕಠಿಣ ಬಳಕೆಯಲ್ಲಿ ಐದು ಸಾವಿರ ಕಿಲೋಮೀಟರ್ ಅಥವಾ ಆರು ತಿಂಗಳು.

ವ್ಯಾಕರಣ ಓದುವಾಗ ಗುರುಗಳು ನಮಗೆ ಮೊದಲು ಕಲಿಸಿದ್ದು ಉತ್ಸರ್ಗ ಮತ್ತು ಅಪವಾದ ಎಂಬ ಎರಡು ಮಾತುಗಳನ್ನು. ಸಾಮಾನ್ಯವಾಗಿ ಎಲ್ಲೆಡೆ ಸಲ್ಲುವ ವಿಧಿ ಉತ್ಸರ್ಗ. ವಿಶೇಷ ಸಂದರ್ಭದಲ್ಲಿ ಅದನ್ನು ತಳ್ಳಿ ನಿಲ್ಲುವ ವಿಧಿ ಅಪವಾದ. ಅಪವಾದವನ್ನು ಓದದೆ ಉತ್ಸರ್ಗವನ್ನು ಹಿಡಿದವನು ಸೂತ್ರವನ್ನು ಬಲ್ಲೆನೆಂದರೂ ಶಾಸ್ತ್ರವನ್ನು ಅರಿಯನು. ಈ ಪಾಠವನ್ನು ನಲವತ್ತು ವರ್ಷ ಇತರರಿಗೆ ಹೇಳಿದ ನಾವೇ ಅಂದು ಪುಟ ತೆರೆಯದೆ ತೀರ್ಪು ಕೊಟ್ಟೆವಲ್ಲ! ಮಗ ಅರ್ಧ ಓದಿದ್ದ, ನಾವು ಓದಿಯೇ ಇರಲಿಲ್ಲ. ಹೆಚ್ಚಿನ ತಪ್ಪು ನಮ್ಮದೇ.

ಈಗ ಮಲೆನಾಡಿನ ಗೃಹಸ್ಥರು ತಮ್ಮ ವಾಹನದ ದುಡಿಮೆ ಉತ್ಸರ್ಗಕ್ಕೆ ಸೇರಿದ್ದೋ ಅಪವಾದಕ್ಕೆ ಸೇರಿದ್ದೋ ಎಂದು ತಾವೇ ನೋಡಿಕೊಳ್ಳಬೇಕು. ಶಿವಮೊಗ್ಗದಿಂದ ಬೆಂಗಳೂರಿಗೆ ಹೆದ್ದಾರಿಯಲ್ಲಿ ಹದವಾದ ಹೊರೆಯೊಡನೆ ಒಂದೇ ಸಮನೆ ಸಾಗುವ ವಾಹನಕ್ಕೆ ಕಿಲೋಮೀಟರು ಬೇಗ ಏರುತ್ತದೆ, ಆದರೆ ಆಯಿಲು ಹೆಚ್ಚು ನೋಯುವುದಿಲ್ಲ. ಕೋಣಂದೂರಿನ ತೋಟದ ಪಿಕಪ್ಪಿನ ದಿನಚರಿ ಬೇರೆ. ಬೆಳಿಗ್ಗೆ ಎರಡು ಕಿಲೋಮೀಟರು ಹೋಗಿ ಕೆಲಸದವರನ್ನು ಕರೆತರುತ್ತದೆ. ತೋಟದ ಕೆಸರು ದಾರಿಯಲ್ಲಿ ಮೊದಲ ಗೇರಿನಲ್ಲಿ ಗೊಬ್ಬರ ಹೊರುತ್ತದೆ. ಹಸಿ ಅಡಿಕೆಯನ್ನು ಸುಲಿಯುವ ಮನೆಗೆ ಒಯ್ಯುತ್ತದೆ. ನಡುವೆ ಬಾಡಿಗೆ ಸಿಕ್ಕರೆ ಬಾಳೆಗೊನೆಯನ್ನೋ ಶುಂಠಿಯನ್ನೋ ತುಂಬಿಕೊಂಡು ಘಾಟಿ ಇಳಿದು, ಮರಳಿ ಘಾಟಿ ಹತ್ತುತ್ತದೆ.

ಇಂತಹ ದುಡಿಮೆಯಲ್ಲಿ ಆಯಿಲಿಗೆ ನಾಲ್ಕು ಕಡೆಯಿಂದ ಬಾಧೆ. ಮೊದಲನೆಯದು ತೇವ. ಇಂಧನ ಉರಿದಾಗ ನೀರಿನ ಆವಿಯೂ ಹುಟ್ಟುತ್ತದೆ. ಇಂಜಿನ್ನು ಚೆನ್ನಾಗಿ ಬಿಸಿಯಾಗಿ ಬಹುಕಾಲ ಓಡಿದರೆ ಅದು ಹಾರಿಹೋಗುತ್ತದೆ. ಎರಡು ಕಿಲೋಮೀಟರು ಓಡಿ ನಿಲ್ಲಿಸಿದರೆ ಒಳಗೇ ತಣಿದು ಆಯಿಲಿಗೆ ಸೇರುತ್ತದೆ. ತಿಂಗಳುಗಟ್ಟಲೆ ಮಳೆ ಹಿಡಿಯುವ ನಮ್ಮ ಸೀಮೆಯಲ್ಲಿ ಹೊರಗಿನ ಗಾಳಿಯ ತೇವವೂ ಇದಕ್ಕೆ ಕೂಡುತ್ತದೆ. ಎರಡನೆಯದು ಡೀಸೆಲ್. ತಣ್ಣಗಿರುವ ಇಂಜಿನ್ನಿನಲ್ಲಿ ಪೂರ್ಣ ಉರಿಯದ ಡೀಸೆಲ್ ಸ್ವಲ್ಪ ಸ್ವಲ್ಪವಾಗಿ ಜಾರಿ ಆಯಿಲನ್ನು ನೀರು ಮಾಡುತ್ತದೆ. ಮೂರನೆಯದು ಮಸಿ. ಹೊರೆ ಹೊತ್ತು ಏರು ಹತ್ತುವಾಗ ಮಸಿ ಹೆಚ್ಚು ಹುಟ್ಟಿ ಆಯಿಲಿಗೆ ಬೆರೆತು ಅದನ್ನು ಮಂದ ಮಾಡುತ್ತದೆ. ನಾಲ್ಕನೆಯದು ಶಾಖ. ಘಾಟಿ ಹತ್ತಿದ ಟರ್ಬೊ ಕಾದ ಕಾವಲಿಯಂತಿರುತ್ತದೆ. ಇವು ಯಾವುವೂ ಕಿಲೋಮೀಟರಿನ ಅಂಕೆಯಲ್ಲಿ ಕಾಣುವುದಿಲ್ಲ. ಅಂಕೆಯು ದಾರಿಯ ಉದ್ದವನ್ನು ಎಣಿಸುತ್ತದೆಯೇ ಹೊರತು ದುಡಿಮೆಯ ಭಾರವನ್ನು ಎಣಿಸುವುದಿಲ್ಲ.

ಇದನ್ನು ನಮ್ಮ ಹಿರಿಯರು ಅರಿತಿದ್ದರು. ನಾವು ಬಾಲಕರಾಗಿ ಮಠದಲ್ಲಿದ್ದಾಗ ಅಲ್ಲಿ ಎತ್ತಿನ ಗಾಡಿಯಿತ್ತು. ಗಾಡಿಯ ಕೆಳಗೆ ಬಿದಿರಿನ ಗೊಟ್ಟವೊಂದು ತೂಗುತ್ತಿತ್ತು. ಅದರೊಳಗೆ ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಕಲಸಿದ ಕೀಲೆಣ್ಣೆ. ಗಾಡಿ ಹೊಡೆಯುವ ಅಜ್ಜ ಇಷ್ಟು ಹರಿದಾರಿಗೆ ಇಷ್ಟು ಎಂದು ಎಣಿಸಿದವನಲ್ಲ. ಭತ್ತದ ಮೂಟೆ ಹೇರಿದ ದಿನ ಹೊರಡುವ ಮುನ್ನವೇ ಹಚ್ಚುತ್ತಿದ್ದ. ಹೊಳೆ ದಾಟಿ ಬಂದರೆ ಅಚ್ಚು ಒರೆಸಿ ಮತ್ತೆ ಹಚ್ಚುತ್ತಿದ್ದ. ಬರಿದೇ ಬಂದ ದಿನ ಕೈಯನ್ನೇ ಹಚ್ಚುತ್ತಿರಲಿಲ್ಲ. "ಗಾಡಿ ಕಿರುಗುಟ್ಟಿದ ಮೇಲೆ ಎಣ್ಣೆ ಹಾಕೋನು ಗಾಡಿ ಹೊಡೆಯೋನಲ್ಲ" ಎನ್ನುತ್ತಿದ್ದ. ಅವನ ಗೊಟ್ಟದಲ್ಲಿದ್ದ ವಿವೇಕವೇ ಪುಸ್ತಕದ ಸಣ್ಣ ಅಕ್ಷರಗಳಲ್ಲಿಯೂ ಇದೆ.

ಆದುದರಿಂದ ಆ ತಾಯಿಯ ಪ್ರಶ್ನೆಗೆ ನಮ್ಮ ಉತ್ತರ ಇದು. ಮೊದಲು ತಮ್ಮ ವಾಹನದ ಪುಸ್ತಕದಲ್ಲಿರುವ ಕಿಲೋಮೀಟರ್ ಮತ್ತು ತಿಂಗಳು ಎರಡನ್ನೂ ನೋಡತಕ್ಕದ್ದು. ವಾಹನದಿಂದ ವಾಹನಕ್ಕೆ ಈ ಅಂಕೆ ಬೇರೆಯಾದುದರಿಂದ ನೆರೆಮನೆಯವರ ಅಂಕೆ ನಮ್ಮದಾಗದು. ಅನಂತರ ಕಠಿಣ ಬಳಕೆಯ ಟಿಪ್ಪಣಿಯನ್ನು ಹುಡುಕತಕ್ಕದ್ದು. ಮಲೆನಾಡಿನಲ್ಲಿ ತೋಟ, ಘಾಟಿ, ಹೊರೆಗಳ ನಡುವೆ ದುಡಿಯುವ ಟರ್ಬೊ ಪಿಕಪ್ಪಿಗೆ ಆ ಟಿಪ್ಪಣಿಯೇ ವಿಧಿ. ಹಲವು ಪುಸ್ತಕಗಳಲ್ಲಿ ಅದು ಸಾಮಾನ್ಯ ಅವಧಿಯ ಅರ್ಧವಾಗಿರುತ್ತದೆ. ಕಿಲೋಮೀಟರು ತುಂಬದಿದ್ದರೂ ಆರು ತಿಂಗಳಿಗೊಮ್ಮೆ ಬದಲಾಯಿಸಿದರೆ ಇಲ್ಲಿನ ಮಳೆಗೂ ಹೊರೆಗೂ ತಕ್ಕುದಾಗುತ್ತದೆ.

ಆರು ತಿಂಗಳನ್ನು ನೆನಪಿಡುವುದು ಕಷ್ಟವೆನ್ನುವವರಿಗೆ ಒಂದು ಸುಲಭೋಪಾಯ. ವರ್ಷದಲ್ಲಿ ಎರಡು ದಿನ ನಮ್ಮ ಮನೆಗಳಲ್ಲಿ ಯಾರೂ ಮರೆಯುವಂತಹವಲ್ಲ. ಅಕ್ಷಯ ತದಿಗೆಯಂದು ಬರುವ ಬಸವ ಜಯಂತಿ ಒಂದು, ದೀಪಾವಳಿ ಇನ್ನೊಂದು. ಎರಡರ ನಡುವೆ ಹೆಚ್ಚು ಕಡಿಮೆ ಆರು ತಿಂಗಳು. ಬಸವ ಜಯಂತಿಗೆ ಬದಲಾಯಿಸಿದ ಆಯಿಲು ಮಳೆಗಾಲವನ್ನು ಎದುರಿಸುತ್ತದೆ. ಮಳೆಯ ತೇವವನ್ನು ಕುಡಿದ ಆ ಆಯಿಲನ್ನು ದೀಪಾವಳಿಗೆ ತೆಗೆದುಹಾಕಿದರೆ ಅಡಿಕೆ ಕೊಯ್ಲಿಗೆ ಹೊಸ ಆಯಿಲು ದೊರೆಯುತ್ತದೆ. ದೀಪಾವಳಿಯಂದು ವಾಹನವನ್ನು ತೊಳೆದು ಹೂಮಾಲೆ ಹಾಕುವ ಮೊದಲು ಈ ಕೆಲಸ ಮುಗಿದಿರಲಿ. ನಡುವೆ ದುಡಿಮೆ ಹೆಚ್ಚಾಗಿ ಪುಸ್ತಕ ಹೇಳಿದ ಕಿಲೋಮೀಟರು ಮೊದಲೇ ತುಂಬಿದರೆ ಹಬ್ಬಕ್ಕೆ ಕಾಯಬಾರದು.

ಯಾವ ಆಯಿಲು ಎಂಬುದೂ ಎಷ್ಟು ದಿನಕ್ಕೆ ಎಂಬಷ್ಟೇ ಮುಖ್ಯ. ಡಬ್ಬದ ಮೇಲೆ 15ಡಬ್ಲ್ಯು-40 ಎಂಬಂತಹ ಗುರುತಿರುತ್ತದೆ. ಮೊದಲ ಅಂಕೆಯು ಚಳಿಯಲ್ಲಿ ಆಯಿಲು ಎಷ್ಟು ಸಲೀಸಾಗಿ ಹರಿಯುತ್ತದೆಂಬುದನ್ನೂ, ಎರಡನೆಯದು ಕಾದಾಗ ಎಷ್ಟು ಮಂದವಾಗಿ ಉಳಿಯುತ್ತದೆಂಬುದನ್ನೂ ತಿಳಿಸುತ್ತದೆ. ಇದಲ್ಲದೆ ಸಿ.ಐ.-4, ಸಿ.ಕೆ.-4 ಎಂಬ ದರ್ಜೆಗಳಿವೆ. ಬಿ.ಎಸ್.-6 ವಾಹನಗಳಲ್ಲಿ ಹಲವಕ್ಕೆ ಹೊಗೆಯ ಮಸಿಯನ್ನು ಹಿಡಿಯುವ ಜಾಲರಿಯುಂಟು, ಮೆಕ್ಯಾನಿಕರು ಅದನ್ನು ಡಿ.ಪಿ.ಎಫ್. ಎನ್ನುತ್ತಾರೆ. ಹಳೆಯ ದರ್ಜೆಯ ಆಯಿಲು ಉರಿದಾಗ ಉಳಿಯುವ ಬೂದಿಯು ಆ ಜಾಲರಿಯನ್ನು ಕಟ್ಟಿಹಾಕುತ್ತದೆ. ಆದುದರಿಂದ ಅಂತಹ ವಾಹನಕ್ಕೆ ಕಡಿಮೆ ಬೂದಿಯ ಆಯಿಲನ್ನೇ ಪುಸ್ತಕ ವಿಧಿಸಿರುತ್ತದೆ. ಟ್ರ್ಯಾಕ್ಟರಿಗೆಂದು ತಂದದ್ದು ಮಿಕ್ಕಿದೆಯಲ್ಲ ಎಂದು ಇದಕ್ಕೆ ಸುರಿಯುವುದು ಉಳಿತಾಯವಲ್ಲ. ಬೆಲೆ ಹೆಚ್ಚಿನ ಸಿಂಥೆಟಿಕ್ ಆಯಿಲು ಶಾಖವನ್ನು ಹೆಚ್ಚು ತಾಳುತ್ತದೆ. ಆದರೆ ಅದನ್ನು ಹಾಕಿದೆವೆಂದು ಅವಧಿಯನ್ನು ತಮ್ಮ ಮನಸ್ಸಿಗೆ ಬಂದಂತೆ ಹಿಗ್ಗಿಸಬಾರದು. ಆಯಿಲು ಬದಲಾಯಿಸುವಾಗ ಫಿಲ್ಟರನ್ನೂ ಬದಲಾಯಿಸಬೇಕು. ಕೊಳೆ ತುಂಬಿದ ಸೋಸುಬಟ್ಟೆಯಲ್ಲಿ ಹೊಸ ಹಾಲನ್ನು ಯಾರೂ ಸೋಸುವುದಿಲ್ಲವಷ್ಟೆ.

ಮನೆಯವರು ತಾವೇ ಮಾಡಬಹುದಾದ ಕೆಲವು ಕೆಲಸಗಳುಂಟು. ವಾರಕ್ಕೊಮ್ಮೆ ಬೆಳಿಗ್ಗೆ, ವಾಹನ ಸಮನಾದ ನೆಲದ ಮೇಲಿರುವಾಗ, ಅಳತೆಕಡ್ಡಿಯನ್ನು ಹೊರತೆಗೆದು ಒರೆಸಿ, ಮತ್ತೆ ಅದ್ದಿ ನೋಡಬೇಕು. ಆಯಿಲಿನ ಮಟ್ಟ ಎರಡು ಗೆರೆಗಳ ನಡುವೆ ಇರಬೇಕು. ಕೆಳಗಿಳಿದಿದ್ದರೆ ಅದೇ ದರ್ಜೆಯ ಆಯಿಲನ್ನು ಸೇರಿಸಬೇಕು. ಮಟ್ಟವು ತಾನಾಗಿ ಏರಿದ್ದರೆ ಸಂತೋಷಪಡಬೇಡಿ, ಡೀಸೆಲ್ ಅಥವಾ ನೀರು ಸೇರಿದೆ ಎಂದು ಅರ್ಥ. ಹಾಲು ಬೆರೆಸಿದಂತೆ ಕಂಡರೆ ನೀರೇ. ಕೂಡಲೇ ಮೆಕ್ಯಾನಿಕರಿಗೆ ತೋರಿಸಬೇಕು. ಬಣ್ಣ ಕಪ್ಪಾಯಿತೆಂದು ಮಾತ್ರ ಗಾಬರಿ ಬೇಡ. ಡೀಸೆಲ್ ಇಂಜಿನ್ನಿನಲ್ಲಿ ಹೊಸ ಆಯಿಲು ಕೆಲವೇ ದಿನಗಳಲ್ಲಿ ಕಪ್ಪಾಗುತ್ತದೆ. ಮಸಿಯನ್ನು ತನ್ನಲ್ಲಿ ಹಿಡಿದಿಟ್ಟುಕೊಂಡು ತನ್ನ ಕೆಲಸ ಮಾಡುತ್ತಿದೆ ಎಂಬುದೇ ಅದರ ಸೂಚನೆ.

ಘಾಟಿ ಹತ್ತಿ ಬಂದ ವಾಹನವನ್ನು ಚಹದ ಅಂಗಡಿಯ ಮುಂದೆ ನಿಲ್ಲಿಸಿದೊಡನೆ ಕೀಲಿ ತಿರುಗಿಸಿ ಆರಿಸುವ ಅಭ್ಯಾಸವನ್ನು ಬಿಡಬೇಕು. ಇಂಜಿನ್ನು ನಿಂತೊಡನೆ ಆಯಿಲಿನ ಹರಿವೂ ನಿಲ್ಲುತ್ತದೆ, ಕಾದ ಟರ್ಬೊದಲ್ಲಿ ಉಳಿದ ಆಯಿಲು ಅಲ್ಲೇ ಸುಟ್ಟು ಕರಿಯಾಗುತ್ತದೆ. ನಾವು ಕೊಳವೆಯಲ್ಲಿ ಕಂಡ ಸೀಕಲು ಹುಟ್ಟಿದ್ದು ಹೀಗೆಯೇ. ಒಂದೆರಡು ನಿಮಿಷ ನಿಧಾನವಾಗಿ ಓಡಗೊಟ್ಟು ಆರಿಸಿದರೆ ಟರ್ಬೊ ತಣಿಯುತ್ತದೆ. ಹಾಗೆಯೇ ಬೆಳಿಗ್ಗೆ ಚಾಲೂ ಮಾಡಿದೊಡನೆ ಜೋರಾಗಿ ಒತ್ತದೆ, ಆಯಿಲು ಮೇಲೇರಲು ಅರ್ಧ ನಿಮಿಷ ಕೊಡಬೇಕು. ಮಸಿಯ ಜಾಲರಿಯ ದೀಪ ಹೊತ್ತಿದರೆ ಅಲಕ್ಷಿಸದೆ, ಪುಸ್ತಕದಲ್ಲಿ ಹೇಳಿರುವಂತೆ ಸ್ವಲ್ಪ ದೂರ ಒಂದೇ ಸಮನೆ ಓಡಿಸಿ ಅದು ಶುದ್ಧವಾಗಲು ಅವಕಾಶ ಕೊಡಬೇಕು. ಶುದ್ಧಿ ಅರ್ಧಕ್ಕೆ ನಿಲ್ಲುವುದು ಮರುಕಳಿಸಿದರೆ ಅದರಿಂದಲೂ ಆಯಿಲಿಗೆ ಡೀಸೆಲ್ ಸೇರುತ್ತದೆ.

ಇಷ್ಟು ಹೇಳಿದುದನ್ನು ಕೇಳಿ, ಹಾಗಾದರೆ ಎರಡು ಸಾವಿರಕ್ಕೊಮ್ಮೆ ಬದಲಾಯಿಸಿಬಿಡೋಣ, ಹೆಚ್ಚಾದರೇನು ಕೆಟ್ಟಿತು ಎನ್ನುವವರೂ ಉಂಟು. ಅದೂ ಸಲ್ಲದು. ಇನ್ನೂ ಗುಣವುಳ್ಳ ಎಣ್ಣೆಯನ್ನು ಚೆಲ್ಲುವುದು ದುಂದು. ದುಡಿದು ತಂದುದನ್ನು ವ್ಯರ್ಥ ಮಾಡುವುದನ್ನು ಕಾಯಕವನ್ನು ನಂಬಿದ ಮನೆತನಗಳು ಒಪ್ಪಲಾರವು. ಹೆದ್ದಾರಿಯಲ್ಲಿ ಓಡುವ ವಾಹನಕ್ಕೆ ತೋಟದ ವಾಹನದ ನಿಯಮವೂ ಬೇಕಿಲ್ಲ.

ತೆಗೆದ ಹಳೆಯ ಆಯಿಲನ್ನು ಎಲ್ಲಿ ಹಾಕುವುದೆಂಬ ಪ್ರಶ್ನೆಯೂ ನಮ್ಮ ಮೇಲಿದೆ. ನಮ್ಮ ಕಡೆ ಅದನ್ನು ಬೇಲಿಗೂಟಕ್ಕೆ ಬಳಿಯುವುದು, ಗೆದ್ದಲಿಗೆಂದು ಮರದ ಬುಡಕ್ಕೆ ಸುರಿಯುವುದು, ಬಸಿಗಾಲುವೆಗೆ ಚೆಲ್ಲುವುದು ರೂಢಿಯಾಗಿದೆ. ಅದರಲ್ಲಿ ಲೋಹದ ಸವಕಳಿಯೂ ಸುಟ್ಟ ಎಣ್ಣೆಯ ವಿಷವೂ ಸೇರಿರುತ್ತವೆ. ತೋಟದ ಬಸಿಗಾಲುವೆಗೆ ಹಾಕಿದ್ದು ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ ಹೋಗುತ್ತದೆ. ಆ ಹಳ್ಳದ ನೀರನ್ನೇ ಕೆಳಗಿನ ಮನೆಯ ದನಕರುಗಳು ಕುಡಿಯುತ್ತವೆ. 2016ರ ನಿಯಮಾವಳಿಯ ಪ್ರಕಾರ ಹಳೆಯ ಆಯಿಲು ಅಪಾಯಕಾರಿ ತ್ಯಾಜ್ಯಗಳಲ್ಲೊಂದು. ಅದನ್ನು ಹಿಂದಕ್ಕೆ ಪಡೆದು ಶುದ್ಧೀಕರಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸುವ ನಿಯಮವು 2024ರ ಏಪ್ರಿಲಿನಿಂದ ಜಾರಿಗೆ ಬಂದಿದೆ. ಹಳೆಯ ಆಯಿಲನ್ನು ಬೇರೇನೂ ಬೆರೆಸದೆ ಡಬ್ಬಕ್ಕೆ ತುಂಬಿ, ಅದನ್ನು ಸಂಗ್ರಹಿಸಿ ಅಧಿಕೃತವಾಗಿ ಸಾಗಿಸುವ ಸರ್ವಿಸ್ ಕೇಂದ್ರಕ್ಕೆ ಒಪ್ಪಿಸುವುದು ಗೃಹಸ್ಥರ ಕರ್ತವ್ಯ.

ಮತ್ತೆ ಆ ಮನೆಯ ಅಂಗಳಕ್ಕೆ ಬರೋಣ. ಸಂಜೆ ತಂದೆಯನ್ನು ತೋಟದಿಂದ ಕರೆಸಿ ಮಗನ ಎದುರು ಕೂರಿಸಿದೆವು. ತಂದೆಗೆ ಹೇಳಿದೆವು: "ನಿಮ್ಮ ಅಂಕೆ ಸರಿಯಾಗಿತ್ತು, ಕಾರಣ ಹಳೆಯದಾಗಿತ್ತು. ಕಾರಣ ಹೇಳಿದ್ದರೆ ಮಗ ಕೇಳುತ್ತಿದ್ದನೇನೋ." ಮಗನಿಗೆ ಹೇಳಿದೆವು: "ತಮ್ಮಾ, ನಿನ್ನ ಪುಸ್ತಕ ಸರಿಯಾಗಿತ್ತು, ಓದು ಅರ್ಧವಾಗಿತ್ತು. ಪೂರ್ತಿ ಓದಿದ್ದರೆ ಅಲ್ಲಿ ನಿಮ್ಮ ಅಪ್ಪಯ್ಯನ ಅಂಕೆಯೇ ಸಿಕ್ಕುತ್ತಿತ್ತು." ಪುಟ ತೆರೆಯದೆ ತೀರ್ಪು ಕೊಟ್ಟ ನಮ್ಮ ತಪ್ಪಿಗಾಗಿ ಇಬ್ಬರಲ್ಲೂ ಕ್ಷಮೆ ಬೇಡಿದೆವು. ತಾಯಿ ಅಡಿಕೆ ಸುಲಿಯುವುದನ್ನು ನಿಲ್ಲಿಸಿರಲಿಲ್ಲ, ಆದರೆ ಕತ್ತಿಯ ಶಬ್ದ ಕ್ಷಣಕಾಲ ತಡೆಯಿತು. ತಂದೆ ಮಗನ ಕಡೆ ತಿರುಗಿ, "ಆ ಪುಸ್ತಕ ತಾ, ನೋಡುವಾ" ಎಂದರು. ಕನ್ನಡಕ ಹುಡುಕಲು ಮಗನೇ ಎದ್ದ.

ಈಗ ಆ ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ, ಕೂಲಿಯ ಲೆಕ್ಕಗಳ ಜೊತೆಗೆ ಆಯಿಲಿನ ಲೆಕ್ಕವೂ ಇದೆ. 2025ರ ಬಸವ ಜಯಂತಿಯ ಚೌಕದಲ್ಲಿ ಕಿಲೋಮೀಟರಿನ ಅಂಕೆ, ಆಯಿಲಿನ ದರ್ಜೆ, ಫಿಲ್ಟರ್ ಬದಲಾಯಿಸಿದ ಗುರುತು ಎಲ್ಲವನ್ನೂ ಬರೆದಿದ್ದಾರೆ. ಆ ಸಲದ ಖರ್ಚು ಮೂರು ಸಾವಿರದ ಆರುನೂರು ರೂಪಾಯಿ. ಅಡವಿಟ್ಟ ಬಳೆ ಬಿಡಿಸಿಕೊಳ್ಳಲು ಇನ್ನೂ ಸಮಯ ಹಿಡಿಯಬಹುದು. ಆದರೆ ತಂದೆ ವಾರಕ್ಕೊಮ್ಮೆ ಬೆಳಿಗ್ಗೆ ಅಳತೆಕಡ್ಡಿ ಹಿಡಿದು ಮಗನನ್ನು ಕೂಗುತ್ತಾರೆಂದೂ, ಮಗ ಬೇಸರವಿಲ್ಲದೆ ಹೋಗಿ ನೋಡುತ್ತಾನೆಂದೂ ಆ ತಾಯಿ ಹೇಳಿಕಳುಹಿಸಿದ್ದಾರೆ.

ಓದುಗ ಬಂಧುಗಳು ಈ ಸಂಚಿಕೆಯನ್ನು ಕೆಳಗಿಟ್ಟೊಡನೆ ತಮ್ಮ ವಾಹನದ ಪುಸ್ತಕವನ್ನು ಹುಡುಕಿ, ಆ ಪುಟವನ್ನು ಕೊನೆಯ ಸಾಲಿನವರೆಗೆ ಓದಲಿ. ಮನೆಯಲ್ಲಿ ಹಿರಿಯರಿದ್ದರೆ ಅವರ ಪಕ್ಕದಲ್ಲಿ ಕುಳಿತೇ ಓದಲಿ ಎಂಬುದು ನಮ್ಮ ಕೋರಿಕೆ.